ಎಡಗಾಲು

ಹನ್ನೆರಡು ಮಂದಿಯ ಪಟ್ಟಿಯಲ್ಲಿ ಒಂಬತ್ತನೆಯವನು ನಾನು:
ಇನಾಸ್ ಫುರ್ಟಾಡೊ, ನಿವೃತ್ತ ಗುಮಾಸ್ತ, ಸುಂಕೇರಿ.
ಪವಿತ್ರ ಗುರುವಾರ ಮಧ್ಯಾಹ್ನ
ಬಾವಿಕಟ್ಟೆಯಲ್ಲಿ ಕೂತು
ತೆಂಗಿನ ಕತ್ತದಿಂದ ಹಿಮ್ಮಡಿ ಉಜ್ಜಿದೆ,
ಉಗುರು ತೆಗೆದೆ, ಸೋಪು ಹಚ್ಚಿದೆ ಎರಡು ಸಲ,
ಕೊಬ್ಬರಿ ಎಣ್ಣೆ ಸವರಿದೆ.
ಎಲಿಜಾ ನಕ್ಕಳು:
"ಪಾದ್ರಿಯವರಿಗೆ ತೊಳೆಯಲು ಏನಾದರೂ ಉಳಿಸಿ ಮಾರಾಯ್ರೆ."

ಬಲಗಾಲು ಮಾತ್ರ ಎಂದು ಮೊದಲೇ ಹೇಳಿದ್ದರು.
ಹಾಗಾಗಿ ಎಡಗಾಲು
ಹೇಗಿತ್ತೋ ಹಾಗೇ ಶೂ ಒಳಗೆ ಹೋಯಿತು.

ಇಗರ್ಜಿಯಲ್ಲಿ ಫ್ಯಾನು ನಿಧಾನ ತಿರುಗುತ್ತಿತ್ತು.
ಪಾದ್ರಿಯವರಿಗೆ ಮಂಡಿನೋವು;
ಒಬ್ಬೊಬ್ಬರ ಮುಂದೆ ಊರಿ ಏಳುವಾಗಲೂ
ಬೆಂಚಿನ ಅಂಚು ಹಿಡಿದರು.
ನನ್ನ ಪಾದಕ್ಕೆ ನೀರು ಸುರಿದರು, ಒರೆಸಿದರು,
ಬಗ್ಗಿ ತುಟಿ ತಾಗಿಸಿದರು.
ಎಣ್ಣೆಯ ವಾಸನೆ ಅವರಿಗೂ ಬಂದಿರಬೇಕು.
ನಾನು ಮಾತ್ರ
ಹಿಂದಿನ ಸಾಲಿನವರಿಗೆ ಕಾಣುತ್ತಿದೆಯೇ ಎಂದು
ಓರೆಗಣ್ಣಲ್ಲಿ ನೋಡುತ್ತಿದ್ದೆ.

ಪೂಜೆ ಮುಗಿದ ಮೇಲೆ ಎಲಿಜಾ ಕೈಗೆ ಮಾತ್ರೆಯ ಚೀಟಿ ತುರುಕಿದಳು:
"ಕೋಡಿಬಾಗದ ಗಾಸ್ಪರನಿಗೆ ಕೊಟ್ಟು ಬನ್ನಿ.
ಸೊಸೆ ಮೀನು ಆರಿಸಲು ಹೋದವಳು ರಾತ್ರಿ ಬರುತ್ತಾಳಂತೆ."

ಗಾಸ್ಪರ್.
ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಹೊರುತ್ತಿದ್ದವನು.
ಒಂದು ವರ್ಷ ಲೆಕ್ಕದಲ್ಲಿ ಆರುನೂರು ಕಡಿಮೆ ಬಿತ್ತು.
"ಆ ರಾತ್ರಿ ಇದ್ದವನು ಅವನೊಬ್ಬನೇ" ಎಂದು
ಸಾಹುಕಾರರಿಗೆ ಹೇಳಿದವನು ನಾನು.
ಮೂರು ತಿಂಗಳ ಮೇಲೆ, ಮಳೆಗಾಲದ ಬಿಡುವಿನಲ್ಲಿ,
ಹಳೆ ಪುಟ ತಿರುವಿದರೆ
ನನ್ನದೇ ಕೈಬರಹದ ಒಂದು
ಕೊಕ್ಕು ಬೆಳೆಸಿ ಏಳಾಗಿ ಕೂತಿತ್ತು.
ನೂರು ಏಳುನೂರಾಗಿತ್ತು, ಅಷ್ಟೇ.
ಆ ಪುಟಕ್ಕೂ ಮುಂದಿನ ಪುಟಕ್ಕೂ ಗೋಂದು ಹಚ್ಚಿದೆ.
ವರ್ಷವರ್ಷ ಪಾಪನಿವೇದನೆಯಲ್ಲಿ
"ಸಣ್ಣಪುಟ್ಟ ಸುಳ್ಳು" ಎಂಬುದರ ಒಳಗೆ
ಅದನ್ನೂ ಮಡಚಿಟ್ಟೆ.

ಹುಣ್ಣಿಮೆ ಹತ್ತಿರ. ಕಾಳಿಯಲ್ಲಿ ಭರತ ಏರುತ್ತಿತ್ತು.
ಅವನು ಜಗಲಿಯಲ್ಲಿ ಕೂತು
ಎಡಗಾಲಿನ ಬಟ್ಟೆ ಬಿಚ್ಚಲು ಹೆಣಗುತ್ತಿದ್ದ.
ಸಕ್ಕರೆ ಕಾಯಿಲೆಯ ಹುಣ್ಣು; ಬೆನ್ನು ಬಾಗುವುದಿಲ್ಲ;
ಬೆರಳು ಬಟ್ಟೆಯ ತುದಿಯವರೆಗೆ ಹೋಗಿ
ಹಿಂದೆ ಬರುತ್ತಿತ್ತು.

ಮಾತ್ರೆ ಕೊಟ್ಟು ತಿರುಗಬೇಕೆಂದಿದ್ದೆ, ಸುಳ್ಳೇಕೆ.
"ನೀರು ಎಲ್ಲಿದೆ?" ಎಂದು ಕೇಳಿದ್ದು
ನನ್ನ ಬಾಯಿಯೇ ಆದರೂ
ನನಗೂ ಆಶ್ಚರ್ಯ.

ಮಂಡಿಯೂರಲಿಲ್ಲ ನಾನು.
ಮೀನಿನ ಕ್ರೇಟು ಬೋರಲು ಹಾಕಿ ಕೂತೆ,
ಉಸಿರು ಕಟ್ಟಿ, ಮುಖ ಹೊಳೆಯ ಕಡೆ ತಿರುಗಿಸಿ
ಅಂಟಿದ ಬಟ್ಟೆಯನ್ನು ನೆನೆಸಿ ನೆನೆಸಿ ಬಿಡಿಸಿದೆ.
ಒಮ್ಮೆ ಜೋರಾಗಿ ಎಳೆದುಬಿಟ್ಟೆ; ಅವನು ಹಲ್ಲು ಕಚ್ಚಿದ.
ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ ಸುತ್ತುವಾಗ
ಹೋಯಿತಲ್ಲ ಇದು, ಅನ್ನಿಸಿತು.
ಅಷ್ಟರಲ್ಲೇ ಇನ್ನೊಂದು ಯೋಚನೆ:
ಇದನ್ನು ಎಲಿಜಾಗೆ ಹೇಗೆ ಹೇಳಲಿ,
ಹೇಗೆ ಹೇಳಿದರೆ ಹೇಳಿಕೊಂಡಂತೆ ಆಗುವುದಿಲ್ಲ?

"ಗಾಸ್ಪರ್, ಆ ವರ್ಷ..." ಎಂದೆ.
ಅವನು ನನ್ನ ಮುಖವನ್ನೇ ನೋಡಿದ, ತುಂಬಾ ಹೊತ್ತು.
"ನೀರು ಬಹಳ ತಣ್ಣಗಿದೆ ಮಾರಾಯ.
ಐಸ್ ಫ್ಯಾಕ್ಟರಿಯದ್ದೋ?"

ನಕ್ಕನೇ, ಕೆಮ್ಮಿದನೇ ತಿಳಿಯಲಿಲ್ಲ.
ನನ್ನ ಮಾತು ಅಲ್ಲೇ ನಿಂತಿತು,
ಇಂದಿಗೂ ಅಲ್ಲೇ ನಿಂತಿದೆ.

"ನಿನ್ನ ಶೂ ಮೇಲೆ ಕೀವು ಬಿದ್ದಿದೆ, ಬಿಚ್ಚು" ಎಂದ.
ಎಡಗಾಲಿನದು.
ಬಿಚ್ಚಿದೆ. ಬೆರಳ ಸಂದಿಯ ಕಜ್ಜಿ,
ಕಪ್ಪಿಟ್ಟ ಉಗುರು, ದಿನವಿಡೀ ಬೆವೆತ ವಾಸನೆ.
ತಂಬಿಗೆಯಲ್ಲಿ ಉಳಿದ ನೀರನ್ನು
ನಡುಗುವ ಕೈಯಲ್ಲಿ ಅವನು ಸುರಿದ,
ಅರ್ಧ ಪಾದಕ್ಕೆ, ಅರ್ಧ ಪ್ಯಾಂಟಿಗೆ.
ಮುಖ ತಿರುಗಿಸಲಿಲ್ಲ.
"ದೇವ್ ಬರೆಂ ಕರುಂ" ಎಂದ,
ನಾನು ಹೇಳಬೇಕಾದ್ದನ್ನು ತಾನೇ.

ಮನೆಗೆ ಬಂದಾಗ ಎಲಿಜಾ ಕೇಳಿದಳು:
"ಒಂದೇ ಕಾಲು ಒದ್ದೆ, ಏನಾಯಿತು?"
"ಭರತದ ನೀರು ದಾರಿಗೆ ಬಂದಿತ್ತು" ಎಂದೆ.

ಅವಳು ನಂಬಲಿಲ್ಲ.
ಒಣಬಟ್ಟೆ ತಂದಳು.