ಜರ್ಮನ್ ಪಾತ್ರೆ

ಸಂತೆಯಿಂದ ಅವ್ವ ಹೊಸ ಪಾತ್ರೆ ತಂದಿದ್ದಳು.
ಹಗುರ, ಬೆಳ್ಳಗೆ. ಬೆರಳಲ್ಲಿ ಮೀಟಿದರೆ
ಹಿತ್ತಾಳೆಯ ಹಾಗೆ ಕೊರಗದು, ಠಪ್ಪೆಂದು ಸುಮ್ಮನಾಗುವುದು.
"ಜರ್ಮನ್ ಪಾತ್ರೆ ಕಣೇಳಿ, ಎರಡೂವರೆ ರೂಪಾಯಿ."
ಸಕ್ಕರೆ ಫ್ಯಾಕ್ಟ್ರಿಯಿಂದ ಬಂದ ಅಪ್ಪ
ಕೈಕಾಲು ತೊಳೆಯದೆ ಅದನ್ನೆತ್ತಿಕೊಂಡು
ಹಿಡಿ ಕೂಡಿದಲ್ಲಿ ಹೆಬ್ಬೆರಳಾಡಿಸಿದ.
"ಮೂರು ರಿವೆಟ್ಟು. ಒಂದು ಸಡಿಲ.
ಯಾರೇ ಇಟ್ಟೋರು ಈ ಹೆಸರ?"
"ಎಲ್ಲಾರೂ ಹಂಗೇ ಅಂತಾರೆ."

ಗುತ್ತಲು ರಸ್ತೆಗೆಲ್ಲ ಗೊತ್ತಿತ್ತು
ಮೊಗಣ್ಣಾಚಾರಿ ಯುದ್ಧಕಾಲದಲ್ಲಿ ಸೀಮೆಗೆ ಹೋಗಿಬಂದವನೆಂದು.
ಬಂದೂಕು ಹಿಡಿದನೆಂದೇ ಅವರ ನಂಬಿಕೆ.
ಅವನು ಹಿಡಿದದ್ದು ಅಂಗೈಯಗಲದ ಒಂದು ಉಕ್ಕಿನ ಗಟ್ಟಿ.
ಮೈಸೂರಿನಿಂದ ಆರಿಸಿ ಕಳಿಸಿದ ಹುಡುಗರಲ್ಲಿ
ಇವನೇ ಗಿಡ್ಡ, ಇವನೇ ಸಣಕಲ.
ರೆಕ್ಕೆಯೊಳಗೆ ತೂರುವುದಕ್ಕೆ
ಇಂಥವನೇ ಬೇಕೆಂದನಂತೆ ಫೋರ್ಮನ್ನು.

ಹೊರಗಡೆ ಎಲ್ಸಿಯೆಂಬಾಕೆ ಗಾಳಿಸುತ್ತಿಗೆ ಒತ್ತುವಳು,
ಒಳಗಡೆ ಕತ್ತಲಲ್ಲಿ ಅಂಗಾತ ಮಲಗಿ ಇವನು ಗಟ್ಟಿ ಒಡ್ಡುವನು.
ನಡುವೆ ತಗಡು. ಮುಖ ಕಾಣದು.
ಒಂದು ತಟ್ಟಿದರೆ ಸರಿ, ಎರಡಾದರೆ ಇನ್ನೊಮ್ಮೆ.
ಎರಡು ವರ್ಷ ಅವರಾಡಿದ ಭಾಷೆ ಇಷ್ಟೇ.

"ಮೊದಲು ಅದಕ್ಕೆ ಎರಡೇ ಇಂಜಿನ್ನು ಕಣವ್ವಾ,
ಆನೆಯಂಥವು.
ಕಾದು ಕಾದು ಬಾನಲ್ಲೇ ಹತ್ತಿಕೊಳ್ಳೋವು.
ಶತ್ರು ಹೊಡೀಬೇಕಾಗೇ ಇರಲಿಲ್ಲ.
ಆಮೇಲೆ ರೆಕ್ಕೆ ಉದ್ದ ಮಾಡಿ ಚಿಕ್ಕವು ನಾಲ್ಕು ಕಟ್ಟಿದರು.
ಏರಿನಲ್ಲಿ ಕಬ್ಬಿನ ಗಾಡಿಗೆ ಇನ್ನೊಂದು ಜೊತೆ ಹೂಡಲ್ವಾ, ಹಂಗೆ.
ಹೆಸರೂ ಬದಲಾಯ್ತು, ಲ್ಯಾಂಕಾಸ್ಟರ್ ಅಂದರು,
ಹಣೆಬರಹವೂ ಬದಲಾಯ್ತು."
ಯಾರ ಹಣೆಬರಹವೆಂದು ಅಪ್ಪ ಹೇಳಲಿಲ್ಲ.

ಅದರ ಹೊಟ್ಟೆ ಎಷ್ಟುದ್ದವೆಂದು ಒಮ್ಮೆ
ಜಗಲಿಯಿಂದ ಹೊರಟು, ನಡುಮನೆ ಹಾದು, ಹಿತ್ತಿಲ ಹೊಸಿಲು ದಾಟಿ
ಒರಳುಕಲ್ಲಿನವರೆಗೆ ಅಡಿಗೆ ಅಡಿ ಕೂಡಿಸಿ ಅಳೆದಿದ್ದ.
ಮೂವತ್ತಮೂರು. ನಡುವೆ ಒಂದು ಕಂಬವಿಲ್ಲ.
"ಅಷ್ಟೂ ಒಂದೇ ಕಣಜ" ಅಂದವನು
ನಾಲಗೆ ಕಚ್ಚಿಕೊಂಡ.

ಕೊನೆಯ ವರ್ಷ ರಿಪೇರಿ ಷೆಡ್ಡು, ಪಕ್ಕದಲ್ಲೇ ವಿಮಾನದ ಬಯಲು.
ಏಳು ಜನ ಹತ್ತುವರು. ಏಳನೆಯವನು
ಎಲ್ಲರಿಗೂ ಬೆನ್ನು ಮಾಡಿ ಬಾಲದ ಗಾಜುಗೂಡಲ್ಲಿ ಒಬ್ಬನೇ.
ಒಂದು ಬೆಳಿಗ್ಗೆ ಆ ಗೂಡಿನಲ್ಲಿ
ಅರ್ಧ ತಿಂದ ಚಾಕೊಲೇಟು, ಒಂದೇ ಕೈಗವುಸು.
ನೀರು ಬಿಟ್ಟು ತೊಳೆದರು. ಅಪ್ಪ ಹೊಸ ತಗಡಿಗೆ ಗಟ್ಟಿ ಒಡ್ಡಿದ.
ಎಲ್ಸಿ ಆ ದಿನ ಮೂರು ತಟ್ಟಿದಳು.
ಮೂರಕ್ಕೆ ಏನರ್ಥವೆಂದು
ಅವರು ಗೊತ್ತುಮಾಡಿಕೊಂಡಿರಲಿಲ್ಲ.

ಸಂಜೆ ಎದ್ದು ಹೋದವನ್ನು
ನಸುಕಿನಲ್ಲಿ ಹಾಸಿಗೆಯಿಂದಲೇ ಸದ್ದು ಹಿಡಿದು ಎಣಿಸುವುದು ಎಲ್ಲರ ರೂಢಿ.
ಹದಿನೆಂಟಕ್ಕೆ ಹದಿನೈದು, ಹದಿನೇಳಕ್ಕೆ ಹದಿಮೂರು.
ಅವು ಇಳಿಸಿ ಬಂದ ಊರುಗಳಲ್ಲಿ
ಅದೇ ನಸುಕಿಗೆ ಯಾರು ಯಾರನ್ನು ಎಣಿಸಿದರೋ,
ಆ ಲೆಕ್ಕ ತಗಡಿನ ಆಚೆಗಿತ್ತು.

"ಕೊನೆಗೆ ಏನಾದವಪ್ಪಾ?"
"ಸಾಲಾಗಿ ನಿಲ್ಲಿಸಿ ಕೊಡಲೀಲಿ ಕಡಿದರು. ಕರಗಿಸಿದರು."
"ತಗಡು?"
ಅಪ್ಪ ಪಾತ್ರೆಯನ್ನು ನೋಡಿದ. ಅಡಿಗೆಮನೆಯ ಕಡೆ ನೋಡಿದ.
"ಯಾರಿಗೆ ಗೊತ್ತು" ಅಂದ.

ಆಮೇಲೆ ನನ್ನನ್ನು ಕೂರಿಸಿ
ಮಚ್ಚಿನ ಹಿಂಬದಿಯನ್ನು ಪಾತ್ರೆಯೊಳಗೆ ಒತ್ತಿ ಹಿಡಿಯಲು ಹೇಳಿದ.
ಹೊರಗಿನಿಂದ ಅವನ ಸುತ್ತಿಗೆ.
ಕೈ ಜೋಮು ಹಿಡಿಯಿತು. ಸಡಿಲವಾದದ್ದು ಕೂತಿತು.
ಸುಮ್ಮನೆ, ಆಟಕ್ಕೆ, ನಾನು ಒಳಗಿನಿಂದ
ಒಮ್ಮೆ ತಟ್ಟಿದೆ,
ಮತ್ತೊಮ್ಮೆ,
ಇನ್ನೂ ಒಮ್ಮೆ.
ಅಪ್ಪನ ಸುತ್ತಿಗೆ ಎತ್ತಿದಲ್ಲೇ ನಿಂತಿತು.

ಆ ರಾತ್ರಿ ಅದರಲ್ಲಿ ಹುರುಳಿ ಬೆಂದಿತು.
ಹಿಡಿ ಅಲುಗಲಿಲ್ಲ.
ಅಪ್ಪ ಎರಡು ಸಲ ಬಡಿಸಿಕೊಂಡು ಉಂಡ,
ನಮಗೆಲ್ಲ ಬೆನ್ನು ಮಾಡಿ
ಬಾಗಿಲ ಕಡೆಗೆ ಕೂತು.