ಗೊತ್ತಿಲ್ಲ ನಾಲ್ಕು

ಖಂಡಾಲಾ ಘಾಟಿ ಹತ್ತಿ ಬಂದ ಹವಳದ ಕಲ್ಲು,
ಒದ್ದೆ ಪೇಪರು ಸುತ್ತಿಕೊಂಡು, ಥರ್ಮಾಕೋಲ್ ಡಬ್ಬಿಯಲ್ಲಿ.
ಧನಕವಡಿಯ ಮೂರನೇ ಮಹಡಿಯಲ್ಲಿ ಬಿಚ್ಚಿದಾಗ
ಪುಣೆಗೆ ಸಮುದ್ರದ ವಾಸನೆ ಬಂತು,
ಅರ್ಧ ಗಂಟೆಯ ಮಟ್ಟಿಗೆ.

ದುಡ್ಡು ಕೊಟ್ಟದ್ದು ಕಲ್ಲಿಗೆ ಮಾತ್ರ.
ಟಿಕೀಟಿಲ್ಲದೆ ಬಂದವರು ಒಳಗಿದ್ದರು.

ರಾತ್ರಿ ದೀಪ ಆರಿಸಿ
ಟಾರ್ಚಿಗೆ ಕೆಂಪು ಜಿಲೇಟಿನ್ ಕಟ್ಟಿ
ನಾನೂ ಮಗಳೂ ಗಾಜಿಗೆ ಮೂಗೊತ್ತಿ ಕೂತೆವು.
ಮೇದಿನಿ ನೋಟ್‌ಬುಕ್ಕಿನಲ್ಲಿ ಬರೆದಳು:

ಗೊತ್ತಿಲ್ಲ ಒಂದು – ಮೈತುಂಬ ಬಿಳಿ ಮುಳ್ಳು, ಕಂಬಳಿಹುಳದ ಅಣ್ಣ.
ಇರಲಿ, ಕಸ ತಿನ್ನುತ್ತದೆ ಎಂದೆ.
ಗೊತ್ತಿಲ್ಲ ಎರಡು – ಕಂದು ಹೂ, ಮುಟ್ಟಿದರೆ ಮಾಯ.
ಅದು ಹೂವಲ್ಲ. ಚಿವುಟಿದರೆ ಒಂದಕ್ಕೆ ಹತ್ತು.
ಕೆಳಮನೆಯ ಪರಚುರೆ ಕಾಕೂ ಇನ್ಸುಲಿನ್ ಸಿರಿಂಜು ಕೊಟ್ಟರು;
ಎಲೆಯಡಿಕೆಯ ಸುಣ್ಣ ಕಲಸಿ
ಅದರ ಬಾಯಿಗೇ ಬಿಟ್ಟೆ.
ಮೂರು – ಬರೀ ಸದ್ದು. ಟಿಕ್.
ಇವತ್ತಿಗೂ ಕಂಡಿಲ್ಲ.

ಬಸವನಹುಳುಗಳು ದಿನಕ್ಕೊಂದರಂತೆ ಖಾಲಿ ಚಿಪ್ಪಾದವು.
ಲೋಟ ವಾಲಿಸಿ ಸೀಗಡಿ ತುಂಡಿಟ್ಟೆ.
ಬೆಳಗಾಗುವಾಗ ಜಾರಿ ಬಿದ್ದಿದ್ದ:
ರೋಮದ ಕಾಲು, ಕೆಂಪು ಕಣ್ಣು, ತುದಿ ಕಪ್ಪಾದ ಇಕ್ಕುಳ.
‘ಕೆಟ್ಟವನಾ ಪಪ್ಪಾ?’
ಗೊತ್ತಿಲ್ಲ ಅಂದೆ, ಗೊತ್ತಿದ್ದೂ.

ಸಿಂಕಿನವರೆಗೆ ಒಯ್ದೆ, ಕೈ ಬರಲಿಲ್ಲ.
ಉಪ್ಪಿನಕಾಯಿ ಬಾಟಲಿ ತೊಳೆದು ಉಪ್ಪುನೀರು ತುಂಬಿ
ಗಾಳಿಯ ನಳಿಗೆ ಇಳಿಬಿಟ್ಟು
ಮಿಕ್ಸರ್ ಪಕ್ಕ ಇಟ್ಟೆವು.

ಗುರುವಾರ ನೋಡಿದರೆ ಬಾಟಲಿಯಲ್ಲಿ ಇಬ್ಬರು.
ಒಬ್ಬನ ಬೆನ್ನು ಸೀಳಿತ್ತು, ಒಳಗೆ ನೀರು ಮಾತ್ರ.
ಇನ್ನೊಬ್ಬ ಮೂಲೆಯಲ್ಲಿ
ಬೇಯಿಸಿದ ಬಟಾಣಿಯಷ್ಟು ಮೆತ್ತಗೆ,
ಇಕ್ಕುಳ ಮಡಚಿಕೊಂಡು.

ಮೇದಿನಿ ಪೆನ್ಸಿಲ್ ಕಚ್ಚುತ್ತ ಬಹಳ ಹೊತ್ತು ನಿಂತಳು.
ಬರೆದಳು:
ಗೊತ್ತಿಲ್ಲ ನಾಲ್ಕು – ಅಂಗಿ ಬಿಚ್ಚಿದ್ದಾನೆ.
ಈಗ ನೋಡಬಾರದು.