ಐವತ್ತನಾಲ್ಕು

ಮೇಷ್ಟ್ರು ಪ್ರಶ್ನೆ ಕೇಳಿ ಬಾಯಿ ಮುಚ್ಚಿದ ಗಳಿಗೆಯಿಂದ
ಮಗುವೊಂದು ಬಾಯಿ ತೆರೆಯುವವರೆಗೆ,
ಇಲ್ಲವೇ ಮೇಷ್ಟ್ರೇ ಮತ್ತೆ ತೆರೆಯುವವರೆಗೆ
ನಡುವೆ ಎಷ್ಟು ಖಾಲಿ ಎಂದು ಅಳೆಯುವುದು ನನ್ನ ವಿಷಯ.
ಮಾನಸಗಂಗೋತ್ರಿಯ ಕಾಗದದಲ್ಲಿ ಅದಕ್ಕೆ
ಒಂದೂವರೆ ಸಾಲಿನ ಹೆಸರಿದೆ.
'ಹದಿನಾಲ್ಕು ವರ್ಷ ಪಾಠ ಹೇಳಿದವಳು
ಈಗ ಸುಮ್ಮನಿರೋದರ ಬಗ್ಗೆ ಓದ್ತಾಳೆ'
ಎನ್ನುತ್ತಾರೆ ಅತ್ತೆ, ಬಂದವರಿಗೆಲ್ಲ.

ಬೆಳಿಗ್ಗೆ ಏಳರ ಮಳವಳ್ಳಿ ಬಸ್ಸು.
ಬನ್ನೂರು ದಾಟಿದರೆ ಸೀಟು.
ಚೀಲದಲ್ಲಿ ಸ್ಟಾಪ್‌ವಾಚು, ಗೆರೆ ಎಳೆದ ಹಾಳೆಗಳು, ಮೊಸರನ್ನ.
ಕಿರುಗಾವಲಿನಿಂದಾಚೆ
ಡೇರಿಯವರ ಸ್ಕೂಟರು ಸಿಕ್ಕರೆ ಸಿಕ್ಕಿತು.
ಕಾಳಿಕೊಪ್ಪಲು ನಾಲೆಯ ತುದಿಯ ಊರು.
ಕನ್ನಂಬಾಡಿಯಲ್ಲಿ ನೀರು ಬಿಟ್ಟರೆಂದು
ಮೊದಲು ಸುದ್ದಿ ಬರುತ್ತದೆ,
ನೀರು ಆಮೇಲೆ.

ಜವರಯ್ಯ ಮೇಷ್ಟ್ರು ಕಾಯುವ ಹೊತ್ತು, ಸರಾಸರಿ,
ಸೊನ್ನೆ ಬಿಂದು ಎಂಟು ಸೆಕೆಂಡು.
ಅಷ್ಟರಲ್ಲಿ ಸೊಳ್ಳೆಯೂ ಕೈಗೆ ಸಿಗದು.
ಕೆಟ್ಟವರಲ್ಲ, ಪಾಪ. ನಾಲ್ಕೂ ಐದೂ ಒಂದೇ ಕೋಣೆ,
ಮೊಟ್ಟೆಯ ಲೆಕ್ಕ ಬರೆಯಬೇಕು, ಶೂ ಅಳತೆ ಕಳಿಸಬೇಕು,
ಫೋನು ಮೇಜಿನ ಮೇಲೆ ಒದ್ದಾಡುತ್ತಲೇ ಇರುತ್ತದೆ.
ನನ್ನ ತರಗತಿಯದನ್ನೂ ಒಮ್ಮೆ ರೆಕಾರ್ಡು ಮಾಡಿ ಅಳೆದಿದ್ದೆ.
ಅದನ್ನು ಇಲ್ಲಿ ಹೇಳುವುದಿಲ್ಲ.

ಜನವರಿಯ ಒಂದು ಗುರುವಾರ
'ಏಳೆಂಟ್ಲ?' ಎಂದರು.
ಎದ್ದು ನಿಂತದ್ದು ಇಂಪನ, ಜಡೆಯ ಟೇಪು ಬೆರಳಿಗೆ ಸುತ್ತಿಕೊಂಡು.
'ತಡೀರಿ ಸಾ, ಬತ್ತಾ ಅದೆ.'
ಕೋಣೆ ನಕ್ಕಿತು.
ಹಿಂದಿನ ಬೆಂಚಿನಲ್ಲಿ ನಾನಿದ್ದೆನೆಂದೋ ಏನೋ
ಅವತ್ತು ಮೇಷ್ಟ್ರು ತಡೆದರು.

ಮೂರು. ಆರು.
ಹೊರಗೆ ಕುಕ್ಕರು ಕೂಗಿತು.
ಒಂಬತ್ತು.
ಇಷ್ಟು ದೊಡ್ಡ ಸುಮ್ಮನೆ ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ.
ಹಿಗ್ಗು ತಡೆಯದೆ ಪೆನ್ನಿನ ಕ್ಯಾಪು ತೆಗೆದೆ,
ಬಗ್ಗಿ ಬರೆಯತೊಡಗಿದೆ.
'ಐವತ್ನಾಕು.'
ಕೂತ್ಕೊ ಎಂದರು. ಪಕ್ಕದವನು ಐವತ್ತಾರು ಎಂದ.
ನಾನು ತಪ್ಪು ಎಂಬ ಕಾಲಮ್ಮಿಗೆ ಗುರುತು ಹಾಕಿದೆ.

ಊಟದ ಹೊತ್ತಿಗೆ, ತಟ್ಟೆ ತೊಳೆಯುವ ನಲ್ಲಿಯ ಹತ್ತಿರ,
ಹೇಗೆ ಲೆಕ್ಕ ಹಾಕಿದೆಯೇ ಎಂದು ಕೇಳಿದೆ.
'ಏಳೇಳ್ಲ ನಲವತ್ತೊಂಬತ್ತು ಗೊತ್ತಿತ್ತು ಮಿಸ್.
ಅಲ್ಲಿಂದ ಒಂದೊಂದೇ ನಡ್ಕಂಡ್ ಬತ್ತಿದ್ದೆ.
ನೀವು ಬರ್ಕೊಳಕ್ ಸುರು ಮಾಡುದ್ರಲ್ಲ,
ಇಷ್ಟೇ ಇರ್ಬೇಕು ಅಂತ
ಅಲ್ಲೇ ನಿಂತ್ಬುಟ್ಟೆ.'
ತಟ್ಟೆಯ ನೀರು ಕೊಡವಿ ಓಡಿದಳು.
ಹನಿಯೊಂದು ಹಾಳೆಯ ಮೇಲೆ ಬಿತ್ತು,
ಅಂಕಿಯ ಮೇಲಲ್ಲ.

ಎರಡು ಪುಟ ಬರೆದಿದ್ದೆ ಇದನ್ನು.
ಸುಲೋಚನಾ ಮೇಡಂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
'ಚೆನ್ನಾಗಿದೆ. ಆದರೆ ದತ್ತಾಂಶವಲ್ಲ' ಎಂದರು.
ನಿಜವೇ. ಒಂದು ಮಗುವಿಂದ ಏನು ಸಾಬೀತು?
ನೂರ ಮೂವತ್ತೇಳನೇ ಪುಟದ ಬುಡದಲ್ಲಿ
ಇರುವೆ ಗಾತ್ರದ ಅಕ್ಷರದಲ್ಲಿ
ಮೂರು ಸಾಲು ಉಳಿಯಿತು.

ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಬಂದವರು
ಮೃದು ಮಾತಿನವರು. ಕೊನೆಯ ಪ್ರಶ್ನೆ:
'ಈ ಅಧ್ಯಯನದ ಮಿತಿ ಏನಮ್ಮಾ?'
ಫ್ಯಾನು ತಿರುಗುತ್ತಿತ್ತು. ಕಿಟಕಿಯಾಚೆ
ಕುಕ್ಕರಹಳ್ಳಿ ಕೆರೆಯ ಕಡೆ ಹೆಜ್ಜಾರ್ಲೆಯೊಂದು
ರೆಕ್ಕೆ ಬಡಿಯದೆ ಇಳಿಯುತ್ತಿತ್ತು.
ಹೇಳಬೇಕೆಂದಿದ್ದೆ. ನಾಲಗೆಯ ಬುಡಕ್ಕೆ ಬಂದಿತ್ತು,
ಬತ್ತಾ ಇತ್ತು.
ಅಭ್ಯಾಸ ನೋಡಿ, ಎಣಿಸಿದೆ ಕೂಡ: ಒಂದು, ಎರ
'ಸ್ಯಾಂಪಲ್ ಸಣ್ಣದು, ಅಲ್ಲವೇ?' ಎಂದರು ಅವರೇ, ದಯೆಯಿಂದ.
ಹೌದು ಸರ್, ಎಂದೆ.
ಎಲ್ಲರೂ ಎದ್ದರು. ಚಹಾ ಬಂತು, ಖಾರಾಬೂಂದಿ ಬಂತು.
ಕೈ ಕುಲುಕಿದರು.

ಆರನೇ ಕ್ಲಾಸಿಗೆ ಇಂಪನ ಬೇರೆ ಶಾಲೆಗೆ ಹೋದಳಂತೆ,
ಮಗ್ಗಿ ಈಗ ನೀರು ಕುಡಿದ ಹಾಗಂತೆ.
ಇರಬಹುದು.
ನನಗೆ ಮಾತ್ರ ಆ ಹುಡುಗಿ
ಐವತ್ತನಾಲ್ಕರ ಹತ್ತಿರವೇ ನಿಂತಿದ್ದಾಳೆ,
ಇನ್ನೆರಡು ಹೆಜ್ಜೆ ಇರುವಾಗ,
ಬೆರಳಿಗೆ ಟೇಪು ಸುತ್ತಿಕೊಂಡು,
ನಾನು ಪೆನ್ನಿನ ಕ್ಯಾಪು ಹಾಕಲಿ ಎಂದು.